ಮೋಟಾರ್‌ಹೋಮ್‌ನ ಚಾವಣಿಗೆ ತಾರಸಿಯ ಲೇಪ ಬಳಿಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮನೆಯನ್ನೇ ಚಕ್ರದ ಮೇಲೆ ಹೇರಿಕೊಂಡು ಊರೂರು ಸುತ್ತುವ ಮೋಟಾರ್‌ಹೋಮ್‌ಗಳ ಕುರಿತು ಪತ್ರಿಕೆಗಳಲ್ಲಿ ಈಚಿನ ವರ್ಷಗಳಲ್ಲಿ ಬರುತ್ತಿರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ಮಡಚುವ ಹಾಸಿಗೆ, ಪುಟ್ಟ ಅಡುಗೆಕಟ್ಟೆ, ಶೌಚದ ವ್ಯವಸ್ಥೆ, ಸೌರಫಲಕ, ಬ್ಯಾಟರಿ ಎಲ್ಲದರ ವಿವರವೂ ಅವುಗಳಲ್ಲಿ ಇರುತ್ತದೆ. ಅವೆಲ್ಲವನ್ನೂ ಬಿಸಿಲು ಮಳೆಯಿಂದ ಕಾಯುವ ಚಾವಣಿಯ ಬಗ್ಗೆ ಮಾತ್ರ ನಾನು ಓದಿದ ಬರಹಗಳಲ್ಲಿ ಒಂದು ಸಾಲೂ ಕಂಡಿಲ್ಲ. ನೆಲದ ಮೇಲೆ ನಿಂತವರ ಕಣ್ಣಿಗೆ ಅದು ಬೀಳುವುದೇ ಇಲ್ಲವಾದ್ದರಿಂದ, ಸೋರಿದ ದಿನವೇ ಮಾಲೀಕರಿಗೆ ಅದರ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷಗಳಿಂದ ಫೈಬರ್‌ಗ್ಲಾಸ್ ಚಾವಣಿಯ ಮೋಟಾರ್‌ಹೋಮ್ ಇಟ್ಟುಕೊಂಡಿರುವ, ಆ ಚಾವಣಿಯನ್ನು ಒಮ್ಮೆ ಕೆಡಿಸಿ ಮತ್ತೆ ಸರಿಪಡಿಸಿಕೊಂಡಿರುವ ನಾನು, ಅದೇ ತಪ್ಪು ಇನ್ನೊಬ್ಬರಿಂದ ಆಗಬಾರದೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದೆ. ಅರ್ಧ ವಿವರ ಕೊಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುವ ವಿಷಯ ಇದಾದ್ದರಿಂದ, ಮೊಟಕುಗೊಳಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ವಾಹನಕ್ಕೆ ಐದು ವರ್ಷ ತುಂಬುವ ಹೊತ್ತಿಗೆ ಚಾವಣಿಯ ಹೊಳಪು ಹೋಗಿ, ಕೈಯಾಡಿಸಿದರೆ ಸುಣ್ಣದಂಥ ಬಿಳಿ ಪುಡಿ ಅಂಟತೊಡಗಿತ್ತು. ಮಳೆ ಬಂದಾಗಲೆಲ್ಲ ಆ ಪುಡಿ ಧೂಳಿನೊಡನೆ ಕಲೆತು ಪಕ್ಕದ ಗೋಡೆಗಳ ಮೇಲೆ ಬೂದು ಗೆರೆಗಳಾಗಿ ಇಳಿಯುತ್ತಿತ್ತು. ಅದೇ ಬೇಸಿಗೆಯಲ್ಲಿ ನಮ್ಮ ಮನೆಯ ತಾರಸಿಗೆ ನೀರು ಇಂಗದಂತೆ ಅಕ್ರಿಲಿಕ್ ಲೇಪ ಹಾಕಿಸುತ್ತಿದ್ದೆವು. ಕೆಲಸ ಮುಗಿದಾಗ ಅರ್ಧ ಬಕೆಟ್ ಲೇಪ ಉಳಿದಿತ್ತು. ‘ಇದನ್ನೇ ಗಾಡಿಯ ಮೇಲೂ ಎರಡು ಕೋಟ್ ಹೊಡೆದುಬಿಡೋಣ, ಹತ್ತು ವರ್ಷ ಮೇಲೆ ಹತ್ತಿ ನೋಡಬೇಕಾಗಿಲ್ಲ’ ಎಂದು ಗುತ್ತಿಗೆದಾರರು ಹೇಳಿದರು, ನಾನು ಒಪ್ಪಿಕೊಂಡೆ. ಪೊರಕೆಯಲ್ಲಿ ಗುಡಿಸಿ, ಒಂದು ಸಲ ನೀರು ಸುರಿದು, ಅದೇ ಸಂಜೆ ರೋಲರ್‌ನಿಂದ ಬಳಿದರು. ಎರಡು ತಿಂಗಳು ಚಾವಣಿ ಹಾಲಿನಂತೆ ಬೆಳ್ಳಗಿತ್ತು. ಆಗಸ್ಟ್‌ನಲ್ಲಿ ಆಗುಂಬೆಗೆ ಹೋದೆವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ಊರಿನಲ್ಲಿ ಎರಡನೆಯ ರಾತ್ರಿಯೇ ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿತು. ಬೆಳಿಗ್ಗೆ ಏಣಿ ಹಾಕಿ ನೋಡಿದರೆ, ಕಾವಲಿಯಿಂದ ದೋಸೆ ಎದ್ದಂತೆ ಲೇಪ ಹಾಳೆಹಾಳೆಯಾಗಿ ಎದ್ದಿತ್ತು. ಅದರ ಅಡಿಯಲ್ಲಿ ನೀರು ತುಂಬಿಕೊಂಡಿತ್ತು.

ಊರಿಗೆ ಮರಳಿ ಚಾವಣಿಯನ್ನು ಬಿಚ್ಚಿಸಿದಾಗ ಕಂಡದ್ದು ಇನ್ನೂ ಬೇಸರದ ಸಂಗತಿ. ನೀರು ಇಳಿದದ್ದು ಲೇಪ ಎದ್ದ ಬಯಲಿನಿಂದಲ್ಲ, ಗಾಳಿಕಿಂಡಿಯ ಚೌಕಟ್ಟನ್ನು ಬಿಗಿದಿದ್ದ ತಿರುಪುಗಳ ತೂತುಗಳಿಂದ. ಅಲ್ಲಿನ ಸೀಲಂಟ್, ಅಂದರೆ ಸಂದು ಮುಚ್ಚುವ ಮೆತ್ತನೆಯ ಅಂಟು, ಬಹಳ ಹಿಂದೆಯೇ ಬಿರುಕು ಬಿಟ್ಟಿತ್ತು. ಹೊಸ ಲೇಪ ಆ ಬಿರುಕನ್ನು ಮುಚ್ಚಿರಲಿಲ್ಲ, ನನ್ನ ಕಣ್ಣಿಗೆ ಕಾಣದಂತೆ ಮರೆಮಾಡಿತ್ತು, ಅಷ್ಟೆ. ಚಾವಣಿಯ ಎರಡು ಫೈಬರ್ ಪದರಗಳ ನಡುವೆ ಇದ್ದ ಪ್ಲೈವುಡ್ ಒಂದು ಮೊಳದಷ್ಟು ಅಗಲಕ್ಕೆ ಕೊಳೆತು, ಬೆರಳಲ್ಲಿ ಒತ್ತಿದರೆ ನೆನೆದ ರಸ್ಕಿನಂತೆ ಕುಸಿಯುತ್ತಿತ್ತು.

ಆ ಗುತ್ತಿಗೆದಾರರಿಗೆ ಮೋಸದ ಉದ್ದೇಶ ಇರಲಿಲ್ಲ; ತಮಗೆ ಗೊತ್ತಿದ್ದ ಕೆಲಸವನ್ನು ಅವರು ಗೊತ್ತಿಲ್ಲದ ಮೇಲ್ಮೈಗೆ ಮಾಡಿದರು. ಲೇಪವೂ ಕೆಟ್ಟದ್ದಲ್ಲ, ನಮ್ಮ ತಾರಸಿಯ ಮೇಲೆ ಅದು ಇಂದಿಗೂ ಭದ್ರವಾಗಿದೆ. ತಾರಸಿಯ ಸಿಮೆಂಟು ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಅದಕ್ಕೆಂದೇ ಮೊದಲ ಕೋಟನ್ನು ನೀರು ಬೆರೆಸಿ ತೆಳ್ಳಗೆ ಹೊಡೆಯುತ್ತಾರೆ, ಅದು ಒಳಗಿಳಿದು ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಫೈಬರ್‌ಗ್ಲಾಸಿನ ಮೇಲ್ಮೈಯಲ್ಲಿ ಹಾಗೆ ಬೇರು ಬಿಡುವುದಕ್ಕೆ ಎಡೆಯೇ ಇಲ್ಲ. ಉಜ್ಜಿ ನಯಮಾಡಿ, ಮೇಣ ಸವರಿದ ಅಚ್ಚಿನ ಒಳಗೆ ಎರಕಗೊಂಡು ಹೊರಬಂದ ಮೈ ಅದು, ಗಾಜಿನಷ್ಟೇ ನುಣುಪು. ಅದರ ಮೇಲೆ ಬಿಸಿಲಿಗೆ ಎದ್ದ ಪುಡಿಯ ಪದರ ಬೇರೆ ಇದ್ದರೆ, ಬಳಿದ ಲೇಪ ಚಾವಣಿಯನ್ನು ಹಿಡಿಯುವುದಿಲ್ಲ, ಪುಡಿಯನ್ನು ಹಿಡಿಯುತ್ತದೆ. ಜೊತೆಗೆ ತಾರಸಿ ನಿಂತಲ್ಲೇ ನಿಂತಿರುತ್ತದೆ. ವಾಹನದ ಚಾವಣಿ ಪ್ರತಿ ರಸ್ತೆಯುಬ್ಬಿಗೂ ಪ್ರತಿ ತಿರುವಿಗೂ ತುಸು ತಿರುಚಿಕೊಳ್ಳುತ್ತದೆ. ಅಕ್ರಿಲಿಕ್ ಲೇಪಕ್ಕೆ ಇನ್ನೊಂದು ದೌರ್ಬಲ್ಯವಿದೆ: ಹರಿದುಹೋಗುವ ನೀರನ್ನು ಅದು ತಡೆಯುತ್ತದೆ, ದಿನಗಟ್ಟಲೆ ನಿಂತ ನೀರಿನಲ್ಲಿ ಮೆತ್ತಗಾಗುತ್ತದೆ. ನನ್ನ ಚಾವಣಿಯ ನಡುವೆ, ಎಸಿ ಕೂತಿರುವ ಜಾಗದ ಸುತ್ತ, ಸ್ವಲ್ಪ ತಗ್ಗು ಇತ್ತು. ಲೇಪ ಮೊದಲು ಎದ್ದದ್ದು ಅಲ್ಲೇ.

ಹಾಗಾದರೆ ಫೈಬರ್‌ಗ್ಲಾಸ್ ಎಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಗಾಜಿನ ಎಳೆಗಳ ಚಾಪೆಯನ್ನು ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವದಲ್ಲಿ ತೋಯಿಸಿ ಗಟ್ಟಿಮಾಡಿದ್ದೇ ಫೈಬರ್‌ಗ್ಲಾಸ್. ಬಲ ಕೊಡುವುದು ಗಾಜು. ಎಳೆಗಳನ್ನು ಹಿಡಿದಿಡುವುದು ರೆಸಿನ್. ಹೊರಮೈಯಲ್ಲಿ ಜೆಲ್‌ಕೋಟ್ ಎಂಬ ಬಣ್ಣದ ರೆಸಿನ್ ಪದರ ಇರುತ್ತದೆ, ಅದರಲ್ಲಿ ಗಾಜಿನ ಎಳೆ ಇರುವುದಿಲ್ಲ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬಿಸಿಲು, ನೀರು, ಗೀರು ಎಲ್ಲವನ್ನೂ ಎದುರಿಸುವ ಈ ಪದರ ಸವೆದುಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಊರಿನ ಹಳೆಯ ಮನೆಗಳಲ್ಲೇ ನೋಡಬಹುದು. ಹಿತ್ತಿಲಿಗೆ ಬೆಳಕು ಬರಲೆಂದು ಕಲ್ನಾರು ಶೀಟುಗಳ ನಡುವೆ ಹಾಕುತ್ತಿದ್ದ ಅರೆಪಾರದರ್ಶಕ ಫೈಬರ್ ಶೀಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ, ಮೇಲಿನ ರೆಸಿನ್ ಉದುರಿ, ಗಾಜಿನ ಎಳೆಗಳು ಹೊರಗೆ ಎದ್ದು, ಮುಟ್ಟಿದವರ ಕೈಗೆ ನವೆ ಹತ್ತಿಸುತ್ತಿತ್ತಲ್ಲ, ಅದೇ ಗತಿ ಲಕ್ಷಾಂತರ ರೂಪಾಯಿಯ ಮೋಟಾರ್‌ಹೋಮ್‌ನ ಚಾವಣಿಗೂ ಬರುತ್ತದೆ. ವ್ಯತ್ಯಾಸವೆಂದರೆ ಅದು ಕಾಣುವುದಿಲ್ಲ.

ಬೆಂಗಳೂರಿನ ಹವೆ ತಂಪು, ಇಲ್ಲಿನ ಬಿಸಿಲು ಏನು ಮಾಡೀತು ಎಂದು ಅನೇಕರು ಕೇಳುತ್ತಾರೆ. ಗಾಳಿಯ ತಂಪಿಗೂ ನೇರಳಾತೀತ ಕಿರಣದ ಬಲಕ್ಕೂ ಸಂಬಂಧವಿಲ್ಲ. ನಮ್ಮ ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ನೇರಳಾತೀತ ಕಿರಣಗಳ ಪ್ರಮಾಣ ಸುಮಾರು ಶೇ 10ರಷ್ಟು ಏರುತ್ತದೆ. ಅಲ್ಲದೆ ನಾವು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನಮ್ಮ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಶಾಲಾ ಮಕ್ಕಳು ಶೂನ್ಯ ನೆರಳಿನ ದಿನವೆಂದು ಕಂಬ ನೆಟ್ಟು ನೋಡುವ ಆ ದಿನಗಳ ಮಧ್ಯಾಹ್ನ ವಾಹನದ ಪಕ್ಕದ ಗೋಡೆಗಳಿಗೆ ಬಿಸಿಲು ಅಷ್ಟಾಗಿ ತಾಗುವುದಿಲ್ಲ. ಚಾವಣಿಗೆ ಮಾತ್ರ ಪೂರ್ತಿ ತಾಗುತ್ತದೆ. ಪಕ್ಕದ ಗೋಡೆಗಳು ಹೊಸದರಂತೆ ಹೊಳೆಯುತ್ತಿರುವಾಗಲೇ ಚಾವಣಿ ಮುಪ್ಪಾಗಿರುವುದಕ್ಕೆ ಇದು ಕಾರಣ.

ಬಿಸಿಲಿಗೆ ಹೆದರಿ ಮರದಡಿ ನಿಲ್ಲಿಸಿದರೆ ಬೇರೆ ತೊಂದರೆ. ನಮ್ಮ ಬೀದಿಯ ಮಳೆಮರಗಳಿಂದ ಕೀಟಗಳು ಉದುರಿಸುವ ಅಂಟು ಹನಿಗಳು ಚಾವಣಿಯ ಮೇಲೆ ಒಣಗಿ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಗಸಗಸೆ ಹಣ್ಣಿನ ಮರಕ್ಕೆ ರಾತ್ರಿ ಬರುವ ಬಾವಲಿಗಳ ಹಿಕ್ಕೆ ಎರಡು ದಿನ ಬಿಸಿಲಿಗೆ ಬಿಟ್ಟರೆ ಜೆಲ್‌ಕೋಟನ್ನು ಕೊರೆದು ಕಲೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂಗಾರಿಗೆ ಮೊದಲಿನ ಬಿರುಗಾಳಿಯಲ್ಲಿ ಈ ಊರಿನಲ್ಲಿ ಕೊಂಬೆ ಮುರಿದು ಬೀಳದ ವರ್ಷವಿಲ್ಲ. ಅನುಕೂಲವಿದ್ದವರು ತಗಡಿನ ಶೆಡ್ ಹಾಕಿಸುವುದೇ ಒಳ್ಳೆಯದು. ಯಾವ ಲೇಪಕ್ಕಿಂತಲೂ ಅದು ಹೆಚ್ಚು ಕಾಲ ಕಾಯುತ್ತದೆ. ಅದು ಸಾಧ್ಯವಿಲ್ಲದವರು ನೀಲಿ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದನ್ನು ಎಲ್ಲೆಡೆ ನೋಡುತ್ತೇನೆ. ಗಾಳಿಗೆ ಪಟಪಟ ಬಡಿದುಕೊಳ್ಳುವ ಟಾರ್ಪಾಲು ಧೂಳನ್ನು ಜೆಲ್‌ಕೋಟಿನ ಮೇಲೆ ಎಮರಿ ಪೇಪರಿನಂತೆ ಉಜ್ಜುತ್ತದೆ, ಒಳಗೆ ತೇವ ಕಟ್ಟಿಹಾಕುತ್ತದೆ. ಹೊದಿಸಲೇಬೇಕಾದರೆ ಗಾಳಿಯಾಡುವ ಬಟ್ಟೆಯ ಹೊದಿಕೆ ಇರಲಿ.

ಲೇಪದ ಮಾತಿಗೆ ಬರುವ ಮೊದಲು ಸಂದುಗಳ ಮಾತು ಆಡಲೇಬೇಕು, ಏಕೆಂದರೆ ಫೈಬರ್‌ಗ್ಲಾಸ್ ಚಾವಣಿ ಬಯಲಿನಲ್ಲಿ ಸೋರುವುದು ಅಪರೂಪ. ಗಾಳಿಕಿಂಡಿ, ಎಸಿ, ಸೌರಫಲಕದ ಕಾಲುಗಳು, ವೈರು ಒಳಗಿಳಿಯುವ ತೂತು, ಅಂಚಿನ ಪಟ್ಟಿ, ಇವು ಸೋರುವ ಜಾಗಗಳು. ಕಬ್ಬಿಣದ ಚೌಕಟ್ಟಿಗಿಂತ ಫೈಬರ್‌ಗ್ಲಾಸ್ ಬಿಸಿಲಿಗೆ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಆರು ಮೀಟರ್ ಉದ್ದದ ಚಾವಣಿ ರಾತ್ರಿಯಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಬಿಸಿಯಾದರೆ, ಅದಕ್ಕೂ ಅದರಡಿಯ ಕಬ್ಬಿಣಕ್ಕೂ ಎರಡರಿಂದ ಮೂರು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಪ್ರತಿದಿನ ಆ ಎಳೆದಾಟವನ್ನು ತಡೆದುಕೊಳ್ಳುವುದು ಸಂದಿನ ಸೀಲಂಟ್. ಅದು ಹಿಗ್ಗಿ ಕುಗ್ಗುವ ಗುಣ ಕಳೆದುಕೊಂಡ ದಿನ ಕೂದಲೆಳೆಯ ಬಿರುಕು ಬೀಳುತ್ತದೆ, ನೀರಿಗೆ ಅಷ್ಟು ಸಾಕು. ಚೌಕಟ್ಟುಗಳ ಅಡಿಯಲ್ಲಿ ಬ್ಯೂಟೈಲ್ ಎಂಬ ಅಂಟು ರಬ್ಬರಿನ ಟೇಪ್, ತಿರುಪುಗಳ ತಲೆಯ ಮೇಲೆ ತಾನಾಗಿ ಹರಡಿ ಕೂರುವ ಚಾವಣಿಯ ಸೀಲಂಟ್, ನಿಂತ ಅಂಚುಗಳಿಗೆ ಪಾಲಿಯುರೆಥೇನ್ ಸೀಲಂಟ್, ಇವು ಸರಿಯಾದ ಸಾಮಗ್ರಿಗಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾತ್‌ರೂಮಿಗೆಂದು ಮಾರುವ, ವಿನೆಗರ್ ವಾಸನೆಯ ಸಿಲಿಕೋನ್ ಟ್ಯೂಬನ್ನು ದಯವಿಟ್ಟು ಬಳಸಬೇಡಿ. ಅದು ಆರುವಾಗ ಬಿಡುವ ಆಮ್ಲ ಲೋಹವನ್ನು ತಿನ್ನುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಸಿಲಿಕೋನ್ ತಾಗಿದ ಜಾಗದಲ್ಲಿ ಮುಂದೆ ಯಾವ ಬಣ್ಣವೂ ಯಾವ ಲೇಪವೂ ಹಿಡಿಯುವುದಿಲ್ಲ. ಕೆರೆದು ತೆಗೆದ ಮೇಲೂ ಅದರ ಜಿಡ್ಡು ಉಳಿದು, ಹೊಸ ಲೇಪದಲ್ಲಿ ಮೀನಿನ ಕಣ್ಣಿನಂಥ ಗುಳಿಗಳನ್ನು ಮಾಡುತ್ತದೆ.

ಸಂದು ನೋಡುವಾಗಲೇ ಚಾವಣಿಯನ್ನು ನಾಣ್ಯದಿಂದ ತಟ್ಟುತ್ತ ಹೋಗಬೇಕು. ಗಟ್ಟಿ ಇರುವಲ್ಲಿ ಟಕ್ಕೆಂಬ ಸದ್ದು ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಅಥವಾ ಪ್ಲೈವುಡ್ ಕೊಳೆತಿದ್ದರೆ ಸದ್ದು ಮಂಕಾಗುತ್ತದೆ. ಮಾಗಿದ ಕಲ್ಲಂಗಡಿಯನ್ನು ತಟ್ಟಿ ನೋಡಿ ಆರಿಸುವವರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಮಂಕು ಸದ್ದು ಬಂದ ಜಾಗ ಒಣಗಿ, ಕೊಳೆತದ್ದನ್ನು ತೆಗೆದು, ಹೊಸದನ್ನು ಕೂಡಿಸುವವರೆಗೆ ಮೇಲೆ ಏನನ್ನೂ ಬಳಿಯಬಾರದು. ಬಳಿದರೆ ಒಳಗಿನ ನೀರಿಗೆ ಹೊರದಾರಿಯೂ ಮುಚ್ಚಿಹೋಗುತ್ತದೆ.

ಇನ್ನು ಚಾವಣಿಗೆ ನಿಜವಾಗಿ ಏನು ಬೇಕು ಎಂಬುದು ಜೆಲ್‌ಕೋಟಿನ ಸ್ಥಿತಿಯನ್ನು ಅವಲಂಬಿಸಿದೆ. ಒದ್ದೆಮಾಡಿದ ಕಪ್ಪು ಬಟ್ಟೆಯಿಂದ ಒಂದು ಅಡಿ ಜಾಗ ಒರೆಸಿ ನೋಡಿದರೆ ಉತ್ತರ ಸಿಗುತ್ತದೆ. ಬಟ್ಟೆ ಬಿಳಿಯಾಗದಿದ್ದರೆ ಜೆಲ್‌ಕೋಟ್ ಇನ್ನೂ ಗಟ್ಟಿಯಾಗಿದೆ, ಅದಕ್ಕೆ ಮೃದು ಸೋಪಿನ ತೊಳೆತ ಮತ್ತು ಮೇಣ ಸಾಕು. ಬಟ್ಟೆ ಬಿಳಿಯಾದರೂ, ಆ ಪುಡಿ ಹೋದ ಮೇಲೆ ಕೆಳಗೆ ಬಣ್ಣ ಸಮನಾಗಿ ಕಂಡರೆ, ಉಜ್ಜಿ ಹೊಳಪು ತರಬಹುದು: ನೀರು ಹಾಕಿ 1000 ನಂಬರಿನ ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ನಿಧಾನ ವೇಗದ ಬಫಿಂಗ್ ಯಂತ್ರ ಆಡಿಸಬೇಕು. ಅರ್ಧ ಮಿಲಿಮೀಟರಿನ ಪದರ ಅದೆಂಬುದು ಯಂತ್ರ ಹಿಡಿದವರಿಗೆ ಸದಾ ನೆನಪಿರಬೇಕು. ಅಂಚುಗಳಲ್ಲಿ, ಉಬ್ಬಿದ ಗೆರೆಗಳ ಮೇಲೆ ಒಂದು ಗಳಿಗೆ ಹೆಚ್ಚು ನಿಲ್ಲಿಸಿದರೂ ಜೆಲ್‌ಕೋಟ್ ಸವೆದು ಎಳೆ ಕಾಣುತ್ತದೆ. ಆಮೇಲೆ ಹಾಕುವ ಕರ್ನೌಬಾ ಮೇಣ ನಮ್ಮ ಬಿಸಿಲಿಗೆ ಕೆಲವೇ ತಿಂಗಳು ತಾಳುತ್ತದೆ. ಪಾಲಿಮರ್ ಸೀಲಂಟ್ (ಇದು ಸಂದಿಗೆ ಹಾಕುವುದಲ್ಲ, ಮೇಣದಂತೆ ಮೈಗೆ ಸವರುವುದು) ಅದಕ್ಕಿಂತ ಹೆಚ್ಚು, ಸೆರಾಮಿಕ್ ಲೇಪ ಇನ್ನೂ ಹೆಚ್ಚು ಕಾಲ ತಾಳುತ್ತದೆ. ನನ್ನ ಅಭಿಪ್ರಾಯದಲ್ಲಿ ವರ್ಷಕ್ಕೆ ಎರಡು ಸಲ ಪಾಲಿಮರ್ ಸೀಲಂಟ್ ಹಾಕುವುದೇ ಸಾಕು; ಅದರ ನೆಪದಲ್ಲಾದರೂ ಮಾಲೀಕರು ಎರಡು ಸಲ ಚಾವಣಿ ಹತ್ತಿ ಸಂದುಗಳನ್ನು ನೋಡುತ್ತಾರೆ. ಕಾಲಿಡುವ ಜಾಗಕ್ಕೆ ಮಾತ್ರ ಮೇಣ ಹಚ್ಚಬೇಡಿ, ಜಾರಿ ಬೀಳುವ ಅಪಾಯ ದೊಡ್ಡದು. ಭಾರ ಹಂಚಿಹೋಗಲೆಂದು ಅಗಲವಾದ ಹಲಗೆ ಹಾಸಿ ಅದರ ಮೇಲೆ ಮಂಡಿಯೂರಿ ಕೆಲಸ ಮಾಡುವುದು ಕ್ಷೇಮ.

ಜೆಲ್‌ಕೋಟ್ ಇನ್ನೂ ಗಟ್ಟಿಯಾಗಿರುವ ಚಾವಣಿಗೆ ರಬ್ಬರಿನಂಥ ದಪ್ಪ ಲೇಪ ಹಾಕಿಸಲೇಬಾರದು ಎಂಬುದು ನನ್ನ ಗಟ್ಟಿ ನಿಲುವು. ಒಮ್ಮೆ ಹಾಕಿದರೆ ಹಿಂದಿರುಗಲು ದಾರಿಯಿಲ್ಲ. ಮುಂದೆ ಪ್ರತಿಸಲವೂ ಲೇಪದ ಮೇಲೆ ಲೇಪವೇ ಆಗಬೇಕು. ಗಾಜಿನ ಎಳೆಗಳು ಕಾಣತೊಡಗಿದ, ಉಜ್ಜಲು ಏನೂ ಉಳಿಯದ ಚಾವಣಿಗೆ ಮಾತ್ರ ಆ ಚಿಕಿತ್ಸೆ. ಆಗಲೂ ಮುಕ್ಕಾಲು ಪಾಲು ಕೆಲಸ ಡಬ್ಬಿಯ ಮುಚ್ಚಳ ತೆರೆಯುವ ಮೊದಲೇ ಇರುತ್ತದೆ. ತೊಳೆದು, ಹಳೆಯ ಮೇಣವನ್ನೂ ಜಿಡ್ಡನ್ನೂ ದ್ರಾವಕದಿಂದ ಒರೆಸಿ ತೆಗೆದು, 120ರಿಂದ 220 ನಂಬರಿನ ಕಾಗದದಿಂದ ಇಡೀ ಮೈಯನ್ನು ಮಂಕಾಗುವಷ್ಟು ಉಜ್ಜಿ, ಮತ್ತೆ ಒರೆಸಬೇಕು. ಮೊದಲು ಉಜ್ಜಿ ಆಮೇಲೆ ಒರೆಸಿದರೆ ಮೇಣ ಗೀರುಗಳ ಒಳಕ್ಕೇ ಸೇರಿಕೊಳ್ಳುತ್ತದೆ. ನಂತರ ಶುದ್ಧ ನೀರು ಚಿಮುಕಿಸಿ ನೋಡಬೇಕು. ನೀರು ಒಂದೇ ಹಾಳೆಯಂತೆ ಹರಡಿ ನಿಂತರೆ ಮೈ ಶುಚಿಯಾಗಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿದರೆ ಮೇಣವೋ ಸಿಲಿಕೋನೋ ಇನ್ನೂ ಉಳಿದಿದೆ. ಈ ಪರೀಕ್ಷೆಗೆ ಒಂದು ಪೈಸೆಯ ಖರ್ಚಿಲ್ಲ. ಆದರೂ ನಾನು ನೋಡಿದ ಯಾವ ವರ್ಕ್‌ಶಾಪಿನಲ್ಲೂ ಇದನ್ನು ಮಾಡಲಿಲ್ಲ.

ಆಮೇಲೆ ಲೇಪ ಹಿಡಿದು ಕೂರಲೆಂದು ಮೊದಲು ಬಳಿಯುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಆಯ್ದ ಲೇಪ. ಎರಡು ಡಬ್ಬಿ ಬೆರೆಸುವ ಅಲಿಫ್ಯಾಟಿಕ್ ಪಾಲಿಯುರೆಥೇನ್ ಗಟ್ಟಿಯಾಗಿ ಕೂರುತ್ತದೆ, ಬಿಸಿಲಿಗೆ ಹಳದಿಯಾಗುವುದಿಲ್ಲ; ಅಗ್ಗವೆಂದು ಅರೋಮ್ಯಾಟಿಕ್ ಬಗೆಯದನ್ನು ಕೊಟ್ಟರೆ ಹಳದಿಯಾಗುತ್ತದೆ, ಕೊಳ್ಳುವಾಗ ಡಬ್ಬಿಯ ಮೇಲಿನ ಆ ಒಂದು ಪದವನ್ನು ಓದಿಕೊಳ್ಳಬೇಕು. ಸಿಲಿಕೋನ್ ಲೇಪ ನಿಂತ ನೀರಿಗೂ ಬಿಸಿಲಿಗೂ ಬಹಳ ಚೆನ್ನಾಗಿ ತಾಳುತ್ತದೆ. ಆದರೆ ಧೂಳು ಹಿಡಿಯುತ್ತದೆ, ಒದ್ದೆಯಾದರೆ ಜಾರುತ್ತದೆ, ಮುಂದೆ ಅದರ ಮೇಲೆ ಸಿಲಿಕೋನ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ಅಕ್ರಿಲಿಕ್ ಅಗ್ಗ, ಹಚ್ಚುವುದು ಸುಲಭ. ಚಾವಣಿಯಲ್ಲಿ ನೀರು ನಿಲ್ಲದಿದ್ದರೆ, ಕೆಳಗೆ ಸರಿಯಾದ ಪ್ರೈಮರ್ ಇದ್ದರೆ ಅದೂ ಆದೀತು. ಯಾವುದೇ ಆದರೂ ಬಣ್ಣ ಬಿಳಿಯದೇ ಇರಲಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ, 1993ರಲ್ಲಿ ಮೊದಲ ಬಾರಿಗೆ ಹಾರಿದ ‘ಹಂಸ’ ಎಂಬ ಪುಟ್ಟ ತರಬೇತಿ ವಿಮಾನದ ಮೈಯೂ ಗಾಜಿನ ಎಳೆ ಮತ್ತು ರೆಸಿನ್‌ನದೇ. ಅಂಥ ಲಘು ವಿಮಾನಗಳಿಗೂ ಗ್ಲೈಡರ್‌ಗಳಿಗೂ ಸಾಮಾನ್ಯವಾಗಿ ಬಿಳಿ ಬಳಿಯುವುದು ರೆಸಿನ್ ಕಾದು ಮೆತ್ತಗಾಗಬಾರದೆಂದೇ.

ಲೇಪದ ದಪ್ಪವನ್ನು ಮಾಲೀಕರೇ ಲೆಕ್ಕ ಹಾಕಬಹುದು. ಅರ್ಧ ಮಿಲಿಮೀಟರ್ ದಪ್ಪಕ್ಕೆ ಹಸಿಯಾಗಿ ಬಳಿದರೆ ಒಂದು ಲೀಟರ್ ಎರಡು ಚದರ ಮೀಟರಿಗೆ ಬರುತ್ತದೆ. 12 ಚದರ ಮೀಟರಿನ ಚಾವಣಿಗೆ ಒಂದು ಕೋಟ್ ಬಳಿಯಲು ಆರು ಲೀಟರ್ ಬೇಕು. ಅದರಲ್ಲಿ ಅರ್ಧ ಭಾಗ ಆವಿಯಾಗುವ ಬಗೆಯ ಲೇಪವಾದರೆ, ಒಣಗಿದ ಮೇಲೆ ಉಳಿಯುವುದು ಕಾಲು ಮಿಲಿಮೀಟರ್. ನಾಲ್ಕು ಲೀಟರಿನ ಒಂದೇ ಡಬ್ಬಿ ತಂದು ಎರಡು ಕೋಟ್ ಆಯಿತೆಂದು ಹೇಳುವವರ ಮಾತನ್ನು ಈ ಲೆಕ್ಕದಿಂದ ಅಳೆಯಬೇಕು. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡುವು. ಇಡೀ ಚಾವಣಿಗೆ ಕೈಹಾಕುವ ಮೊದಲು ಮೂಲೆಯಲ್ಲಿ ಅಂಗೈಯಗಲ ಬಳಿದು, ಒಂದು ವಾರ ಬಿಟ್ಟು, ಬ್ಲೇಡಿನಿಂದ ಚೌಕುಳಿ ಗೀರಿ, ಗಟ್ಟಿ ಟೇಪ್ ಅಂಟಿಸಿ ಸರಕ್ಕನೆ ಎಳೆಯಬೇಕು. ಟೇಪಿನ ಜೊತೆ ಲೇಪ ಬಂದರೆ, ವಾಹನ ಆಗುಂಬೆಗೆ ಹೋಗುವ ಮೊದಲೇ ವಿಷಯ ತಿಳಿದಂತಾಯಿತು.

ಕಾಲವೂ ಮುಖ್ಯ. ನಮ್ಮ ನಗರಕ್ಕೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅದರ ಜೋರು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಏಪ್ರಿಲ್ ಮಧ್ಯಾಹ್ನದಲ್ಲಿ ಚಾವಣಿ ಮುಟ್ಟಲಾಗದಷ್ಟು ಕಾದು ಲೇಪ ಹರಡುವ ಮೊದಲೇ ಒಣಗುತ್ತದೆ, ಸಂಜೆಗೆ ಗುಡುಗು ಮಳೆಯ ಭಯ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳು ಇಲ್ಲಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ ಆರಂಭಿಸಿ, ಸಂಜೆಯ ಇಬ್ಬನಿಗೆ ಮೊದಲು ಮೇಲ್ಪದರ ಕಟ್ಟುವಂತೆ ಮೂರು ಗಂಟೆಗೆ ನಿಲ್ಲಿಸಬೇಕು. ಯುಗಾದಿಗೆ ಮೊದಲೊಂದು ಸಲ, ದೀಪಾವಳಿ ಮುಗಿದ ಮೇಲೊಂದು ಸಲ ಸಂದುಗಳನ್ನು ನೋಡುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ. ತೊಳೆಯುವುದಕ್ಕೆ ಮಳೆನೀರು ಕೂಡಿಟ್ಟುಕೊಂಡಿದ್ದರೆ ಉತ್ತಮ. ಕೊಳವೆಬಾವಿಯ ಗಡಸು ನೀರು ಬಿಸಿಲಿಗೆ ಒಣಗಿ ಸುಣ್ಣದ ಕಲೆ ಬಿಡುತ್ತದೆ. ಕಾವೇರಿ ನೀರಿನ ಮಾತು ಹೇಳುವುದಾದರೆ, 2024ರ ಮಾರ್ಚ್‌ನ ಬರದಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಪ್ರಕಟಿಸಿದ್ದನ್ನು ಯಾರೂ ಮರೆತಿರಲಾರರು. ಎರಡು ಬಕೆಟ್ ನೀರು ಮತ್ತು ಮೃದುವಾದ ಬ್ರಷ್ ಇದ್ದರೆ ಚಾವಣಿ ತೊಳೆಯಬಹುದು. ಒತ್ತಡದ ಪಂಪು ಸಂದಿನ ಸೀಲಂಟಿನ ಅಡಿಗೇ ನೀರು ನುಗ್ಗಿಸುತ್ತದೆ.

ಇದೆಲ್ಲ ಮಾಲೀಕರ ವಿಷಯವಾಯಿತು. ಕೆಲಸ ಮಾಡುವವರ ವಿಷಯ ನನ್ನ ಮನಸ್ಸನ್ನು ಇದಕ್ಕಿಂತ ಹೆಚ್ಚು ಕಲಕಿದೆ. ನನ್ನ ಚಾವಣಿಯ ದುರಸ್ತಿಗೆಂದು ನಗರದ ಹಲವು ಶೆಡ್ಡುಗಳಿಗೆ ಅಲೆದಾಗ ಕಂಡದ್ದು, ಇಪ್ಪತ್ತು ದಾಟದ ಹುಡುಗರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಣ ಫೈಬರ್‌ಗ್ಲಾಸ್ ಉಜ್ಜುತ್ತಿದ್ದ ದೃಶ್ಯ. ಅವರ ಹುಬ್ಬು, ತೋಳುಗಳ ಮೇಲೆಲ್ಲ ಗಾಜಿನ ಪುಡಿ ಮಂಜಿನಂತೆ ಕೂತಿತ್ತು. ಎರಡು ಡಬ್ಬಿಯ ಪಾಲಿಯುರೆಥೇನ್ ಸಿಂಪಡಿಸುವಾಗ ಹೊರಬರುವ ಐಸೊಸೈನೇಟ್ ಎಂಬ ರಾಸಾಯನಿಕ ಉಸಿರಿಗೆ ಸೇರಿದರೆ ಜೀವನಪೂರ್ತಿ ಬಿಡದ ಅಸ್ತಮಾ ತರಬಲ್ಲದು. ಪಾಲಿಯೆಸ್ಟರ್ ರೆಸಿನ್‌ಗೆ ಬೆರೆಸುವ ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ನೀರು ಹಾಕಿ ಉಜ್ಜುವುದು, ಕಣ್ಣಿಗೆ ಕನ್ನಡಕ, ಸರಿಯಾದ ಫಿಲ್ಟರ್ ಇರುವ ಮುಖವಾಡ, ಇವಕ್ಕೆ ತಗಲುವ ಹಣ ಒಂದು ಚಾವಣಿಯ ಕೂಲಿಯ ಮುಂದೆ ಅತ್ಯಲ್ಪ. ಕೆಲಸ ಕೊಡುವ ಮಾಲೀಕರು ಬೆಲೆ ಚೌಕಾಸಿ ಮಾಡುವಾಗ ಈ ಸಾಮಗ್ರಿಯ ಬಗ್ಗೆಯೂ ಕೇಳಬೇಕು. ಅಗತ್ಯವಿದ್ದರೆ ಅದರ ಹಣವನ್ನು ತಾವೇ ಸೇರಿಸಿ ಕೊಡಬೇಕು. ನಾನು ಹಾಗೆ ಕೊಟ್ಟೆ. ಆ ಶೆಡ್ಡಿನವರು ಬೇಸರಪಡಲಿಲ್ಲ, ಇಬ್ಬರಿಗೆ ಮುಖವಾಡ ತಂದರು.

ನನ್ನ ಕೋರಿಕೆಗಳು ಎರಡೇ. ಮೋಟಾರ್‌ಹೋಮ್ ಕಟ್ಟಿಕೊಡುವವರು ವಾಹನದ ಕಾಗದಗಳ ಜೊತೆಗೆ ಚಾವಣಿಯ ಬಗ್ಗೆ ಒಂದು ಹಾಳೆ ಬರೆದುಕೊಡಬೇಕು: ಫೈಬರ್‌ಗ್ಲಾಸ್ ಪದರದ ದಪ್ಪವೆಷ್ಟು, ನಡುವೆ ಪ್ಲೈವುಡ್ ಇದೆಯೋ ಫೋಮ್ ಇದೆಯೋ, ಸಂದುಗಳಿಗೆ ಯಾವ ಸೀಲಂಟ್, ತಿರುಪುಗಳು ಎಲ್ಲೆಲ್ಲಿವೆ. ಲೇಪ ಹಾಕುವ ವರ್ಕ್‌ಶಾಪಿನವರೂ ಬಿಲ್ಲಿನ ಮೇಲೆ ಬರೇ ಕೋಟಿಂಗ್ ಎಂದು ಬರೆಯದೆ, ಪ್ರೈಮರ್ ಯಾವುದು, ಲೇಪ ಯಾವ ಬಗೆಯದು, ಎಷ್ಟು ಲೀಟರ್, ಯಾವ ದಿನಾಂಕ ಎಂದು ಬರೆಯಬೇಕು. ಐದು ವರ್ಷದ ಮೇಲೆ ಮತ್ತೆ ಲೇಪ ಹಾಕುವವರಿಗೆ, ಅಥವಾ ವಾಹನವನ್ನು ಎರಡನೆಯ ಕೈಯಲ್ಲಿ ಕೊಳ್ಳುವವರಿಗೆ, ಕೆಳಗೆ ಇರುವುದು ಸಿಲಿಕೋನೋ ಅಕ್ರಿಲಿಕ್ಕೋ ಎಂಬುದು ತಿಳಿಯದಿದ್ದರೆ ಎಲ್ಲವನ್ನೂ ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ. ಎರಡನೆಯದಾಗಿ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳಲ್ಲಿ ಫೈಬರ್‌ಗ್ಲಾಸ್ ದುರಸ್ತಿಯನ್ನು ಕೈಕೆಲಸವಾಗಿ ಕಲಿಸುವ ಅಲ್ಪಾವಧಿ ತರಬೇತಿ ಬೇಕು. ವಿಮಾನದ ಮೈಯನ್ನೇ ಗಾಜಿನ ಎಳೆಯಲ್ಲಿ ಕಟ್ಟುವ ಜ್ಞಾನ ಈ ಊರಿನಲ್ಲಿದೆ, ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಮೈಸೂರಿನಲ್ಲಿದೆ. ಆ ತಿಳಿವಳಿಕೆ ಶೆಡ್ಡಿನ ಹುಡುಗರವರೆಗೆ ಇಳಿಯಬೇಕು. ಗಟ್ಟಿಯಾದ ಪಾಲಿಯೆಸ್ಟರ್ ಫೈಬರ್‌ಗ್ಲಾಸನ್ನು ಕಬ್ಬಿಣದಂತೆ ಕರಗಿಸಿ ಮತ್ತೆ ಬಳಸಲಾಗುವುದಿಲ್ಲ. ಕೆಟ್ಟ ಚಾವಣಿ ಊರ ಹೊರಗಿನ ಕಸದ ರಾಶಿಗೇ ಹೋಗುತ್ತದೆ ಎಂಬುದನ್ನೂ ಸಂಬಂಧಪಟ್ಟವರು ಗಮನಿಸಬೇಕು.

ನನ್ನ ವಾಹನದ ಚಾವಣಿಗೆ ಕೊಳೆತ ಪ್ಲೈವುಡ್ ತೆಗೆಸಿ, ಹಳೆಯ ಲೇಪವನ್ನು ಹತ್ತು ದಿನ ಕೆರೆಸಿ, ಎಪಾಕ್ಸಿ ಪ್ರೈಮರ್ ಮೇಲೆ ಬಿಳಿ ಪಾಲಿಯುರೆಥೇನ್ ಹಾಕಿಸಿ ಈಗ ಐದು ಮಳೆಗಾಲ ಕಳೆದಿವೆ. ಕಳೆದ ದೀಪಾವಳಿಯ ನಂತರ ನೋಡಿದಾಗ ಎಸಿಯ ಹಿಂದಿನ ಮೂಲೆಯಲ್ಲಿ ಸೀಲಂಟ್ ಒಂದು ಬೆರಳುದ್ದ ಬಿರಿದಿತ್ತು. ಕೆರೆದು ಹೊಸದು ಹಾಕಲು ಅರ್ಧ ಗಂಟೆ ಹಿಡಿಯಿತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ
ಬಸವೇಶ್ವರನಗರ, ಬೆಂಗಳೂರು